ಎರಡು ದಿನ, ಐದು ಊಟ: ರುಚಿಗಾಗಿ ಯಾವ ಊರಿಗೆ ಹೋಗೋಣ?

ಶನಿವಾರ, ಭಾನುವಾರ ಬಿಡುವಿದೆ. ಯಾವುದಾದರೂ ಸಣ್ಣ ಊರಿಗೆ ಹೋಗಿ, ಅಲ್ಲಿಯದೇ ಊಟ ಹೊಟ್ಟೆ ತುಂಬ ಮಾಡಿ, ಸುಮ್ನೆ ಅಡ್ಡಾಡಿಕೊಂಡು ಬರಬೇಕು. ಕುಂದಾಪುರವೋ, ಶಿರಸಿಯೋ, ಕೊಡಗೋ? ಹೀಗೆ ಕೇಳುವವರಿಗೆ ಸಾಮಾನ್ಯವಾಗಿ ಸಿಗುವುದು ಹೋಟೆಲುಗಳ ಒಂದು ಪಟ್ಟಿ. ಪಟ್ಟಿ ಓದಿದ ಮೇಲೂ ಗೊಂದಲ ಹಾಗೇ ಇರುತ್ತದೆ. ಯಾಕೆಂದರೆ ಎಲ್ಲ ಊರಲ್ಲೂ ಏನೋ ಒಂದು ಚೆನ್ನಾಗಿಯೇ ಇರುತ್ತದೆ. ನಿಮಗೆ, ನಿಮ್ಮ ಜೊತೆಗೆ ಬರುವವರಿಗೆ, ಈ ತಿಂಗಳಿಗೆ, ನಿಮ್ಮ ಜೇಬಿಗೆ ಯಾವ ಊರು ಹೊಂದುತ್ತದೆ ಎನ್ನುವುದನ್ನು ಪಟ್ಟಿ ಹೇಳುವುದಿಲ್ಲ.

ಬೆಂಗಳೂರಿನಿಂದ ಹೊರಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಐದು ಊರು ಆರಿಸಿಕೊಂಡಿದ್ದೇನೆ: ಮೇಲುಕೋಟೆ, ಮಡಿಕೇರಿ, ಕುಂದಾಪುರ, ಶಿರಸಿ, ಬಾದಾಮಿ. ದಾವಣಗೆರೆಯ ಬೆಣ್ಣೆ ದೋಸೆ, ಧಾರವಾಡದ ಪೇಡ ಎರಡೂ ನನಗೆ ಇಷ್ಟ. ಆದರೆ ಅವು ದೊಡ್ಡ ಊರುಗಳು, ಒಂದು ತಿಂಡಿಗೆ ಹೆಸರಾದವು. ದಾರಿಯಲ್ಲಿ ಇಳಿದು ತಿಂದು ಮುಂದೆ ಹೋಗುವುದಕ್ಕೆ ಅವು ಚೆಂದ, ಎರಡು ದಿನ ಕೂರುವುದಕ್ಕೆ ಬೇರೆ ಊರು ಬೇಕು.

ಮೊದಲು ಏನನ್ನು ನೋಡಬೇಕು

ಎಲ್ಲರೂ ಮೊದಲು ಕಿಲೋಮೀಟರ್ ನೋಡುತ್ತಾರೆ. ನಾನು ಊಟ ಎಣಿಸಿ ಎನ್ನುತ್ತೇನೆ. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಸೇರಿದರೆ ಎರಡು ದಿನಕ್ಕೆ ಹೆಚ್ಚೆಂದರೆ ಆರು ಹೊತ್ತು. ಅದರಲ್ಲಿ ಆ ಊರಿನಲ್ಲೇ ಎಷ್ಟು ಹೊತ್ತು ಉಣ್ಣಲು ಸಿಗುತ್ತದೆ? ಶನಿವಾರ ಬೆಳಗ್ಗೆ ಕಾರು ಹತ್ತಿ ಆರು ಗಂಟೆ ಓಡಿಸಿದರೆ ತಿಂಡಿ ಹೆದ್ದಾರಿಯ ಪಾಲು. ಭಾನುವಾರ ಟ್ರಾಫಿಕ್‌ಗೆ ಹೆದರಿ ಮಧ್ಯಾಹ್ನವೇ ಹೊರಟರೆ ರಾತ್ರಿ ಊಟವೂ ಹೋಯಿತು. ಉಳಿಯುವುದು ಮೂರೋ ನಾಲ್ಕೋ. ಅದೇ ಶುಕ್ರವಾರ ರಾತ್ರಿ ರೈಲೋ ಸ್ಲೀಪರ್ ಬಸ್ಸೋ ಹತ್ತಿ ಮಲಗಿ, ಭಾನುವಾರ ರಾತ್ರಿ ವಾಪಸ್ ಹತ್ತಿದರೆ ಐದು ಊಟ ಖಂಡಿತ ಸಿಗುತ್ತದೆ. ಹೀಗೆ ಲೆಕ್ಕ ಹಾಕಿದರೆ 260 ಕಿ.ಮೀ. ದೂರದ ಮಡಿಕೇರಿಗಿಂತ 450 ಕಿ.ಮೀ. ದೂರದ ಬಾದಾಮಿಯೇ ಹತ್ತಿರ!

ಎರಡನೆಯದು, ಊಟ ಯಾರ ಕೈಯಲ್ಲಿದೆ? ಕೆಲವು ಊರುಗಳ ಒಳ್ಳೆಯ ಅಡುಗೆ ಹೋಟೆಲಿನಲ್ಲೇ ಸಿಗುತ್ತದೆ, ಹೋಗಿ ಕುಳಿತರೆ ಸಾಕು. ಕೆಲವು ಊರುಗಳಲ್ಲಿ ಅದು ಮನೆಯೊಳಗೆ ಇರುತ್ತದೆ, ಮೊದಲೇ ಹೇಳಿ ಮಾಡಿಸಿಕೊಳ್ಳಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಹೋದವರೇ ನಿರಾಸೆಯಿಂದ ಬರುತ್ತಾರೆ. ಶಿರಸಿಗೆ ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರ ಗೋಬಿ ಮಂಚೂರಿ ತಿಂದು ಬಂದು ‘ಅಲ್ಲೇನೂ ಸಿಗಲ್ಲ’ ಎನ್ನುವವರು ಇದ್ದಾರೆ. ಊರಿನ ತಪ್ಪಲ್ಲ ಅದು.

ಮೂರನೆಯದು ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ಇರುವುದು ಚಳಿಗಾಲದ ಕೊನೆಗೆ. ಎಳೆ ಬಿದಿರಿನ ಮೊಳಕೆ, ಅಂದರೆ ಕಳಲೆ, ಬರುವುದು ಮಳೆಗೆ. ಊಟದ ಮೇಲೆ ಆಸೆ ಇಟ್ಟು ಹೊರಡುವವರಿಗೆ ಹವಾಮಾನಕ್ಕಿಂತ ಬೆಳೆ ಮುಖ್ಯ.

ಆಮೇಲೆ ಜೊತೆಗೆ ಯಾರು ಬರುತ್ತಾರೆ ಮತ್ತು ಖರ್ಚು ಎಷ್ಟು ಎನ್ನುವ ಎರಡು ಪ್ರಶ್ನೆ. ಮಾಂಸ ತಿನ್ನುವವರು, ತಿನ್ನದವರು ಒಂದೇ ಗಾಡಿಯಲ್ಲಿದ್ದರೆ ಯಾವ ಊರು? ಮಂಡಿ ನೋವಿರುವ ಅಪ್ಪ ಅಮ್ಮ ಬರುತ್ತಾರೆಯೇ? ಖಾರ ತಿನ್ನದ ಮಕ್ಕಳು? ದುಡ್ಡಿನ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಈ ಐದೂ ಊರಲ್ಲಿ ಊಟ ದುಬಾರಿ ಅಲ್ಲ. ದುಬಾರಿಯಾಗುವುದು ಕೋಣೆ ಮತ್ತು ಟ್ಯಾಕ್ಸಿ.

ಮೇಲುಕೋಟೆ: ಒಂದು ದಿನಕ್ಕೆ ಸಾಕು

ಬೆಂಗಳೂರಿನಿಂದ ಸುಮಾರು 140 ಕಿ.ಮೀ., ಮೈಸೂರಿನಿಂದ ಸುಮಾರು 50. ಬೆಳಗ್ಗೆ ಬೇಗ ಹೊರಟರೆ ತಿಂಡಿಗೆ ಅಲ್ಲಿರುತ್ತೀರಿ. ಪುಳಿಯೋಗರೆ, ಸಕ್ಕರೆ ಪೊಂಗಲ್, ಮೊಸರನ್ನ, ಬಾಳೆಲೆ ಊಟ. ಇಷ್ಟೇ. ಆದರೆ ಆ ಪುಳಿಯೋಗರೆಯನ್ನು ನಮ್ಮ ಅಂಗಡಿಗಳಲ್ಲಿ ಸಿಗುವ ಪೊಟ್ಟಣದ ಪುಡಿಯ ಜೊತೆ ಹೋಲಿಸಲೇಬೇಡಿ. ಹುಣಸೆರಸವನ್ನು ಬೆಲ್ಲದ ಜೊತೆ ಎಣ್ಣೆ ತೇಲುವವರೆಗೆ ಕುದಿಸಿದ ಗೊಜ್ಜು, ಮೇಲೆ ಹುರಿದ ಕರಿ ಎಳ್ಳು ಮತ್ತು ಕೊಬ್ಬರಿಯ ಪುಡಿ. ಅನ್ನದ ಅಗುಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ, ಪ್ರತಿ ಅಗುಳಿಗೂ ಎಳ್ಳೆಣ್ಣೆಯ ಹೊಳಪಿರುತ್ತದೆ. ಕಲಸಿದ ಕೂಡಲೇ ತಿನ್ನುವುದಕ್ಕಿಂತ ಎರಡು ಮೂರು ಗಂಟೆ ಬಿಟ್ಟು ತಿಂದರೆ ರುಚಿ ಜಾಸ್ತಿ. ಹಾಗಾಗಿ ಒಂದು ಪೊಟ್ಟಣ ಕಟ್ಟಿಸಿಕೊಂಡು ಕಲ್ಯಾಣಿಯ ಕಡೆ ಅಡ್ಡಾಡಿ, ರಾಯಗೋಪುರ ನೋಡಿ, ಆಮೇಲೆ ಬಿಚ್ಚಿ.

ಪೂರ್ತಿ ಸಸ್ಯಾಹಾರದ ಊರು ಇದು. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಲು ಒಳ್ಳೆಯದು. ಚೆಲುವನಾರಾಯಣ ಸ್ವಾಮಿಯ ಗುಡಿಗೆ ಹತ್ತಬೇಕಿಲ್ಲ, ಯೋಗಾನರಸಿಂಹನ ಬೆಟ್ಟಕ್ಕೆ ಮಾತ್ರ ಮೆಟ್ಟಿಲಿದೆ. ವೈರಮುಡಿ ಉತ್ಸವದ ದಿನಗಳಲ್ಲಿ ದರ್ಶನಕ್ಕೆ ಹೋಗಿ, ಊಟಕ್ಕೆಂದು ಹೋಗಬೇಡಿ. ಮಾರ್ಚ್-ಏಪ್ರಿಲ್ ಸುಮಾರಿಗೆ ಬರುವ ಆ ಉತ್ಸವಕ್ಕೆ ಊರು ಹಿಡಿಯಲಾರದಷ್ಟು ಜನ ಸೇರುತ್ತಾರೆ.

ಎರಡು ದಿನ ಇರುವುದಾದರೆ ಎರಡನೇ ದಿನವೂ ಅದೇ ಊಟ. ಒಂದೇ ದಿನಕ್ಕೆ ಹೋದರೆ ಖರ್ಚು ಕಡಿಮೆ, ಸುಸ್ತು ಕಡಿಮೆ, ಸಿಗುವ ಊಟವೂ ಎರಡೇ. ಭಾನುವಾರ ಒಂದೇ ದಿನ ಬಿಡುವಿದ್ದವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ದಾರಿಯಲ್ಲಿ ಮದ್ದೂರು ವಡೆ ತಿನ್ನುವ ಆಸೆ ಇದ್ದರೆ ನೆನಪಿಡಿ: 2023ರಲ್ಲಿ ಶುರುವಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮದ್ದೂರಿನ ಒಳಗೆ ಹೋಗುವುದಿಲ್ಲ. ಬೈಪಾಸ್ ಬಿಟ್ಟು ಹಳೇ ರಸ್ತೆಗೆ ಇಳಿಯಬೇಕು. ರೈಲಿನಲ್ಲಿ ಹೋದರೆ ವಡೆ ತಾನಾಗಿಯೇ ನಿಮ್ಮ ಸೀಟಿನ ಹತ್ತಿರ ಬರುತ್ತದೆ.

ಮಡಿಕೇರಿ: ಊಟ ಭರ್ಜರಿ, ಲೆಕ್ಕ ಕಷ್ಟ

ಕೊಡಗಿನ ಅಡುಗೆಯ ಬಗ್ಗೆ ಎರಡು ಮಾತಿಲ್ಲ. ಪಂದಿ ಕರಿಗೆ ಕಪ್ಪು ಬಣ್ಣವನ್ನೂ ಆ ಹುಳಿಯನ್ನೂ ಕೊಡುವುದು ಕಾಚಂಪುಳಿ. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಗಟ್ಟಿ ಮಾಡಿದ ಈ ಹುಳಿಯ ನಾಲ್ಕು ಹನಿ ಬಿದ್ದರೆ ಸಾಕು, ಸಾರಿನ ದಾರಿಯೇ ಬದಲಾಗುತ್ತದೆ. ಜೊತೆಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಇಲ್ಲವೇ ಶಾವಿಗೆಯಂಥ ನೂಪುಟ್ಟು, ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ). ಮಳೆಗಾಲದಲ್ಲಿ ಕಳಲೆಯ ಕರಿ, ಕಾಡಿನ ಅಣಬೆ. ಆಗಸ್ಟ್ 3ರ ಹೊತ್ತಿಗೆ ಬರುವ ಕಕ್ಕಡ ಹದಿನೆಂಟರಂದು (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಕಡು ನೇರಳೆ ಬಣ್ಣದ ಆ ಪಾಯಸ ಬೇರೆ ಕಾಲದಲ್ಲಿ ಸಿಗುವುದಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಕೊಡಗಿಗೆ ರೈಲಿಲ್ಲ. ಬೆಂಗಳೂರಿನಿಂದ ಆರು ಗಂಟೆಯ ದಾರಿ. ರಾತ್ರಿ ಬಸ್ಸು ಹತ್ತಿದರೆ ನಿದ್ದೆ ಮುಗಿಯುವ ಮೊದಲೇ ಇಳಿಸುತ್ತದೆ. ಕಾರಿನಲ್ಲಿ ಹೋದರೆ ಹಗಲೆಲ್ಲ ದಾರಿಗೆ. ವಾರಾಂತ್ಯದಲ್ಲಿ ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ, ಕೋಣೆಗಳ ಬಾಡಿಗೆಯೂ ಅದಕ್ಕೆ ತಕ್ಕಂತೆ ಏರಿರುತ್ತದೆ. ಈ ಐದರಲ್ಲಿ ಜೇಬಿಗೆ ಹೆಚ್ಚು ಭಾರ ಇದೇ. ಮಡಿಕೇರಿ ಪೇಟೆಯಲ್ಲಿ ಉಳಿಯುವ ಬದಲು ವಿರಾಜಪೇಟೆ, ಕಕ್ಕಬ್ಬೆ ಕಡೆ ತೋಟದ ಮನೆಯೊಂದರಲ್ಲಿ ಉಳಿದು, ಮನೆಯವರ ಅಡುಗೆಯನ್ನೇ ಉಣ್ಣುವುದಾದರೆ ಕೊಟ್ಟ ದುಡ್ಡಿಗೆ ಬೆಲೆ ಸಿಗುತ್ತದೆ. ಮೂರು ದಿನ ರಜೆ ಇದ್ದರೆ ಖಂಡಿತ ಹೋಗಿ. ಎರಡೇ ದಿನಕ್ಕೆ, ಬೆಂಗಳೂರಿನಿಂದ? ನಾನು ಬೇಡ ಎನ್ನುತ್ತೇನೆ. ಮೈಸೂರಿನವರಾದರೆ ದಾರಿ ಅರ್ಧಕ್ಕೆ ಇಳಿಯುತ್ತದೆ, ಆಗ ನನ್ನ ಉತ್ತರವೂ ಬೇರೆ.

ಜುಲೈ, ಆಗಸ್ಟ್‌ನಲ್ಲಿ ಹೊರಡುವ ಮುನ್ನ ಘಟ್ಟದ ರಸ್ತೆ ತೆರೆದಿದೆಯೇ ಎಂದು ಕೇಳಿಕೊಳ್ಳಿ. 2018ರ ಮಳೆಯಲ್ಲಿ ಗುಡ್ಡ ಕುಸಿದ ಮೇಲೆ ಅಲ್ಲಿಯ ಜನ ಮಳೆಯನ್ನು ಹಗುರವಾಗಿ ನೋಡುವುದಿಲ್ಲ. ನಾವೂ ನೋಡಬಾರದು.

ಕುಂದಾಪುರ: ಹೋಗಿ ಕುಳಿತರೆ ಸಾಕು

ಮೊದಲೇ ಯಾರಿಗೂ ಹೇಳದೆ, ಏನೂ ಬುಕ್ ಮಾಡದೆ ಹೋಗಿ ಚೆನ್ನಾಗಿ ಉಣ್ಣಬಹುದಾದ ಊರು ಬೇಕೆಂದರೆ ಕುಂದಾಪುರ. ಇಲ್ಲಿಯ ಒಳ್ಳೆಯ ಅಡುಗೆ ಹೋಟೆಲಿನ ಮೇಜಿನ ಮೇಲೇ ಸಿಗುತ್ತದೆ. ಕೋಳಿ ಸಾರು, ಕೋಳಿ ಸುಕ್ಕ, ನೀರು ದೋಸೆ, ಮೀನು ಊಟ. ಇಂದು ದೇಶದ ಎಲ್ಲ ದೊಡ್ಡ ಊರುಗಳ ಮೆನುವಿನಲ್ಲಿರುವ ಘೀ ರೋಸ್ಟ್ ಹುಟ್ಟಿದ್ದು ಇದೇ ಊರಿನ ಶೆಟ್ಟಿ ಲಂಚ್ ಹೋಮ್‌ನಲ್ಲಿ ಎನ್ನುತ್ತಾರೆ. ಬ್ಯಾಡಗಿ ಮೆಣಸಿನ ಮಸಾಲೆಯನ್ನು ತುಪ್ಪದಲ್ಲಿ ತಾಳ್ಮೆಯಿಂದ ಹುರಿದು, ಕೋಳಿಗೆ ಅಂಟಿ ಕೂರುವಂತೆ ಮಾಡುವುದೇ ಅದರ ಗುಟ್ಟು. ಬೆಂಗಳೂರಿನ ಪ್ಲೇಟಿನಲ್ಲಿ ಮಸಾಲೆ ಸಾರಿನಂತೆ ಹರಿಯುತ್ತಿರುತ್ತದೆ. ಇಲ್ಲಿ ಹಾಗಿರುವುದಿಲ್ಲ. ತುಪ್ಪ ಬಿಟ್ಟುಕೊಂಡು ಮಸಾಲೆ ಬೇರೆಯಾಗಿ ನಿಂತಿರುತ್ತದೆ, ನೀರು ದೋಸೆಯ ಮಡಿಕೆಯಲ್ಲಿ ಒರೆಸಿ ತಿನ್ನಬೇಕು.

ಒಂದು ಮಾತು: ಘೀ ರೋಸ್ಟ್‌ಗೇ ಎಲ್ಲ ಊಟವನ್ನೂ ಕೊಡಬೇಡಿ. ಮಧ್ಯಾಹ್ನ ಸಾದಾ ಮೀನು ಊಟ ಮಾಡಿ. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಮೀನಿನ ಸಾರು, ಒಂದು ಪಲ್ಯ, ಹುರಿದ ಮೀನು. ಅಂಜಲ್, ಪಾಂಫ್ರೆಟ್ ಕೇಳಿದರೆ ಬಿಲ್ಲು ಏರುತ್ತದೆ. ಬಂಗುಡೆ, ಭೂತಾಯಿ ಅಗ್ಗ, ರುಚಿಯಲ್ಲೂ ಹಿಂದಿಲ್ಲ. ‘ಇವತ್ತು ಯಾವ ಮೀನು ಚೆನ್ನಾಗಿದೆ?’ ಎಂದು ಕೇಳಿ, ಅವರು ಹೇಳಿದ್ದನ್ನೇ ತರಿಸಿಕೊಳ್ಳಿ. ಬೆಳಗಿನ ತಿಂಡಿಗೆ ಬನ್ಸ್, ಸಂಜೆಗೆ ಗೋಳಿಬಜೆ. ಬಾಳೆಹಣ್ಣು ಹಾಕಿ ಕಲಸಿದ ಬನ್ಸ್ ಮಕ್ಕಳಿಗೆ ತುಂಬ ಹಿಡಿಸುತ್ತದೆ.

ಹೋಗುವುದೂ ಸುಲಭ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಗಿನ ಜಾವ ಕುಂದಾಪುರದಲ್ಲಿ ಇಳಿಸುತ್ತದೆ. ಸ್ಟೇಷನ್ ಊರಿನ ಹೊರಗಿದೆ, ಹಾಗಾಗಿ ಆ ಹೊತ್ತಿಗೆ ರಿಕ್ಷಾ ಮತ್ತು ಕೋಣೆಯ ಏರ್ಪಾಡು ಮೊದಲೇ ಇರಲಿ. ಭಾನುವಾರ ರಾತ್ರಿ ಅದೇ ರೈಲು ವಾಪಸ್. ಊಟ ಲೆಕ್ಕ ಹಾಕಿ: ಎರಡು ತಿಂಡಿ, ಎರಡು ಮಧ್ಯಾಹ್ನ, ಒಂದು ರಾತ್ರಿ, ಅವಸರ ಮಾಡದಿದ್ದರೆ ಇನ್ನೊಂದು ರಾತ್ರಿ. ನಡುವೆ ಮರವಂತೆಗೆ ಹೋಗಿ ಬನ್ನಿ. ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಕೊಲ್ಲೂರಿಗೆ ಹೋಗುವವರಿಗೂ ಇದೇ ದಾರಿ.

ಸಸ್ಯಾಹಾರಿಗಳು ಜೊತೆಗಿದ್ದರೆ? ಕುಂದಾಪುರದಲ್ಲೂ ಅವರಿಗೆ ಊಟಕ್ಕೆ ಕೊರತೆ ಇಲ್ಲ, ಆದರೆ ಅವರ ಹಬ್ಬ ಉಡುಪಿಯಲ್ಲಿ. 40 ಕಿ.ಮೀ. ಒಳಗೇ ಇದೆ. ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ ಎಂದು ಹಂಚಿಕೊಂಡರೆ ಇಬ್ಬರಿಗೂ ಸಮಾಧಾನ. ಕಾಲ ಇದ್ದರೆ ಮಟ್ಟುಗುಳ್ಳದ ಹುಳಿ ಕೇಳಿ, ಆ ಬದನೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮಾಂಸ ತಿನ್ನುವವರು, ತಿನ್ನದವರು ಸೇರಿ ಹೊರಟ ಗುಂಪಿಗೆ ನಾನು ಮೊದಲು ಹೇಳುವುದು ಈ ಜೋಡಿಯನ್ನೇ.

ಜೂನ್, ಜುಲೈನಲ್ಲಿ ಮಾತ್ರ ಯೋಚಿಸಿ. ನಾಡದೋಣಿಯವರು ತರುವ ಮೀನು, ಹೊಳೆ ಮೀನು ಸಿಗುತ್ತದೆ, ಆದರೆ ಕಡಿಮೆ. ಐಸಿನಲ್ಲಿ ಬಂದ ಮೀನನ್ನು ತಿನ್ನಲು ಕಡಲ ತೀರಕ್ಕೇ ಹೋಗಬೇಕೇ? ಆಗಸ್ಟ್ ಕಳೆದು, ದೋಣಿಗಳು ಹೋಗಿ ಬರಲು ಶುರುವಾದ ಮೇಲೆ ಹೋಗಿ. ಮಾರ್ಚ್‌ನಿಂದ ಮೇವರೆಗೆ ಸೆಕೆ ಜೋರು, ಅದನ್ನು ತಡೆಯಬಲ್ಲವರಿಗೆ ಊಟದಲ್ಲಿ ಏನೂ ಕಡಿಮೆಯಿಲ್ಲ.

ಶಿರಸಿ: ಹೇಳಿಟ್ಟು ಹೋಗಬೇಕಾದ ಊರು

ಶಿರಸಿಯ ಊಟವನ್ನು ನಾನು ತುಂಬ ಪ್ರೀತಿಸುತ್ತೇನೆ. ಇಲ್ಲಿಯ ಹವ್ಯಕ ಅಡುಗೆಯಲ್ಲಿ ಎಣ್ಣೆ, ಮಸಾಲೆ ಕಡಿಮೆ. ಹಿತ್ತಲಿನ ಸೊಪ್ಪು, ಕಾಯಿ, ಮಜ್ಜಿಗೆ, ಹುಳಿ ಮಾವು ಇವೇ ಸಾಮಾನು. ಊಟ ಶುರುವಾಗುವುದು ತಂಬುಳಿಯಿಂದ. ಒಂದೆಲಗವೋ ಶುಂಠಿಯೋ ಕಾಯಿಯ ಜೊತೆ ಅರೆದು, ಮಜ್ಜಿಗೆ ಬೆರೆಸಿ, ಬಿಸಿ ಮಾಡದೆ ಬಡಿಸುತ್ತಾರೆ. ಆಮೇಲೆ ಸಾಸಿವೆ, ಕಾಯಿ ಅರೆದ ಸಾಸ್ಮೆ, ಗೊಜ್ಜು, ಹುಳಿ, ಹಲಸಿನ ಹಪ್ಪಳ, ಮಾವಿನ ಮಿಡಿ. ಕೊನೆಗೆ ಲೋಟದಲ್ಲಿ ಅಪ್ಪೆಹುಳಿ. ಬೇಯಿಸಿ ಹಿಂಡಿದ ಮಾವಿನ ನೀರಿಗೆ ಹಸಿಮೆಣಸು, ಇಂಗಿನ ಒಗ್ಗರಣೆ. ಅದನ್ನು ಕುಡಿದ ಮೇಲೆ ಮಧ್ಯಾಹ್ನ ಮಲಗದೆ ಇರುವುದು ಕಷ್ಟ, ಮಲಗುವುದಕ್ಕೇ ಅಲ್ಲಿಗೆ ಹೋದಂತೆ ಸಮಯ ಇಟ್ಟುಕೊಳ್ಳಿ.

ಈ ಊಟ ಪೇಟೆಯ ಹೋಟೆಲಿನಲ್ಲಿ ಹುಡುಕಿದರೆ ಪೂರ್ತಿ ಸಿಗುವುದಿಲ್ಲ. ಅದು ಅಡಿಕೆ ತೋಟದ ನಡುವಿನ ಮನೆಗಳಲ್ಲಿದೆ. ಊರಿನ ಸುತ್ತ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಹೋಂಸ್ಟೇ ಮಾಡಿಕೊಂಡಿರುವ ಮನೆಗಳಿವೆ. ತಲೆಗೆ ಇಷ್ಟು ಎಂದು ಊಟ, ವಸತಿ ಸೇರಿಸಿ ತೆಗೆದುಕೊಳ್ಳುತ್ತಾರೆ. ಕೇಳಿದಾಗ ದುಬಾರಿ ಎನಿಸಬಹುದು. ಆದರೆ ಐದು ಹೊತ್ತಿನ ಊಟ, ನಡುನಡುವೆ ಬರುವ ಆಸ್ರಿ (ಮುರುಗಲು ಪಾನಕವೋ, ಮಜ್ಜಿಗೆಯೋ, ಕಷಾಯವೋ) ಎಲ್ಲ ಅದರಲ್ಲೇ ಸೇರಿದೆ ಎಂದು ಲೆಕ್ಕ ಹಾಕಿದರೆ ಮಡಿಕೇರಿಯ ಬರೀ ಕೋಣೆಗಿಂತ ಇದು ಹಗುರ.

ಜನವರಿಯಿಂದ ಮಾರ್ಚ್ ಒಳಗೆ ಹೋದರೆ ಆಲೆಮನೆ ಇರುತ್ತದೆ. ಕಬ್ಬಿನ ಹಾಲು ಕುಡಿಯುವುದು ಒಂದು ಖುಷಿ, ತೊಡೆದೇವು ಎನ್ನುವ ಸಿಹಿ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡುವುದು ಇನ್ನೊಂದು. ಅದಕ್ಕೆಂದೇ ಇರುವ ಮಣ್ಣಿನ ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿರುತ್ತಾರೆ. ಕಬ್ಬಿನ ಹಾಲಿನಲ್ಲಿ ನುಣ್ಣಗೆ ರುಬ್ಬಿದ ಅಕ್ಕಿ ಹಿಟ್ಟು ನೀರಿನಷ್ಟೇ ತೆಳು. ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಮಡಕೆಯ ಬೆನ್ನ ಮೇಲೆ ಒಂದು ಸಲ ಎಳೆಯುತ್ತಾರೆ. ಚೊಂಯ್ ಎನ್ನುವುದರೊಳಗೆ ಬೆಂದಾಯಿತು. ಅಂಚು ಎದ್ದ ಕೂಡಲೇ ಬಿಡಿಸಿ ಮಡಚುತ್ತಾರೆ, ಒಂದು ಕ್ಷಣ ತಡವಾದರೂ ಮುರಿಯುತ್ತದೆ. ಆ ಕಂದು ಹಾಳೆಯ ಆಚೆ ಇಟ್ಟ ಕೈ ಕಾಣುತ್ತದೆ. ಮೇಲೆ ತುಪ್ಪ ಸವರಿ ಬಾಯಿಗಿಟ್ಟರೆ ಹಲ್ಲಿಗೆ ಕೆಲಸವೇ ಇಲ್ಲ. ಪೆಟ್ಟಿಗೆಯಲ್ಲಿ ಕಟ್ಟಿ ಮಾರುವುದೂ ಚೆನ್ನಾಗಿಯೇ ಇರುತ್ತದೆ, ಆದರೆ ಮಡಕೆಯಿಂದ ಎದ್ದದ್ದರ ರುಚಿ ಅದಕ್ಕೆ ಬರುವುದಿಲ್ಲ.

ಮೇ, ಜೂನ್ ಹಲಸಿನ ಕಾಲ. ಕಡುಬು, ಹಪ್ಪಳ, ಚಿಪ್ಸ್ ಎಲ್ಲ ಆಗ. ಮಳೆ ಹಿಡಿದ ಮೇಲೆ ತೋಟದಲ್ಲಿ ಉಂಬಳದ (ಜಿಗಣೆಯ) ಕಾಟ ಇರುತ್ತದೆ. ಹಸಿರು, ಮಳೆಯ ಸದ್ದು, ಬಿಸಿ ಕಷಾಯ ಸಾಕು ಎನ್ನುವವರಿಗೆ ಅದೂ ಒಳ್ಳೆಯ ಕಾಲವೇ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರ ಕೋಣೆ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ಶಿರಸಿಗೆ ರೈಲಿಲ್ಲ. ರಾತ್ರಿ ಸ್ಲೀಪರ್ ಬಸ್ಸೇ ಸುಲಭ. ತಾಳಗುಪ್ಪದವರೆಗೆ ರಾತ್ರಿ ರೈಲಿನಲ್ಲಿ ಹೋಗಿ, ಅಲ್ಲಿಂದ ಸಿದ್ದಾಪುರದ ಮೇಲೆ ಬಸ್ಸು ಹಿಡಿಯುವವರೂ ಇದ್ದಾರೆ, ಜೋಗ ನೋಡುವ ಆಸೆ ಇದ್ದರೆ ಅದು ಸರಿ. ಊರಲ್ಲಿ ಓಡಾಡಲು ಗಾಡಿ ಬೇಕೇ ಬೇಕು. ಶಾಲ್ಮಲೆಯ ಬಂಡೆಗಳ ಮೇಲೆ ಲಿಂಗ ಕೆತ್ತಿರುವ ಸಹಸ್ರಲಿಂಗ, ಕದಂಬರ ಬನವಾಸಿ ಎರಡೂ ಹತ್ತಿರವೇ. ಯಾಣಕ್ಕೆ ಹೋದರೆ ಅರ್ಧ ದಿನ ಹೋಗುತ್ತದೆ, ಜೊತೆಗೆ ಒಂದು ಊಟವೂ. ನಾನಾದರೆ ಯಾಣ ಬಿಟ್ಟು ಊಟ ಉಳಿಸಿಕೊಳ್ಳುತ್ತೇನೆ. ವಾಪಸ್ ಬರುವಾಗ 1923ರಿಂದ ನಡೆಯುತ್ತಿರುವ ತೋಟಗಾರರ ಸಹಕಾರಿ ಟಿಎಸ್‌ಎಸ್‌ನ ಅಂಗಡಿಯಲ್ಲಿ ಸುರಿಯುವಂಥ ಜೋನಿ ಬೆಲ್ಲ, ಹಪ್ಪಳ, ಮಿಡಿ ಉಪ್ಪಿನಕಾಯಿ ತೆಗೆದುಕೊಳ್ಳಬಹುದು.

ಯಾರಿಗೆ ಹೊಂದುವುದಿಲ್ಲ? ಖಾರ, ಮಸಾಲೆ, ಮಾಂಸ ಇಲ್ಲದೆ ಊಟವೇ ಅಲ್ಲ ಎನ್ನುವವರಿಗೆ. ಗಂಟೆಗೊಂದು ಜಾಗ ನೋಡಬೇಕು ಎನ್ನುವವರಿಗೆ. ವಯಸ್ಸಾದವರಿಗೆ ಊಟ ತುಂಬ ಹಿತ, ಆದರೆ ರಾತ್ರಿ ಬಸ್ಸಿನ ದಾರಿ ಅಷ್ಟು ಹಿತವಲ್ಲ. ಅವರ ಜೊತೆ ಹೋಗುವುದಾದರೆ ಒಂದು ದಿನ ಹೆಚ್ಚು ರಜೆ ಹಾಕಿ, ಹಗಲು ಕಾರಿನಲ್ಲಿ ಹೋಗಿ.

ಬಾದಾಮಿ: ಕಡಿಮೆ ದುಡ್ಡಿಗೆ ತುಂಬಿದ ತಟ್ಟೆ

ಬಾದಾಮಿಗೆ ಹೋಗುವವರೆಲ್ಲ ಗುಹೆ ನೋಡಲು ಹೋಗುತ್ತಾರೆ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಪಕ್ಕದಲ್ಲೇ ಯುನೆಸ್ಕೋ ಪಟ್ಟಿಯ ಪಟ್ಟದಕಲ್ಲು. ಹೋಗಲೇಬೇಕಾದ ಜಾಗಗಳು. ಆದರೆ ಊಟಕ್ಕೆಂದೇ ಬಾದಾಮಿಗೆ ಹೋಗಿ ಎಂದು ಹೇಳುವವರು ಕಡಿಮೆ. ನಾನು ಹೇಳುತ್ತೇನೆ.

ಊರಿನಿಂದ 5 ಕಿ.ಮೀ. ದೂರದಲ್ಲಿ ಬನಶಂಕರಿ ಗುಡಿ. ಗುಡಿಯ ಮುಂದಿನ ಹೊಂಡದ ಸುತ್ತ ಹಳ್ಳಿಗಳ ಹೆಂಗಸರು ಬುಟ್ಟಿ ಇಟ್ಟುಕೊಂಡು ಕುಳಿತಿರುತ್ತಾರೆ. ‘ಬರ್ರೀ ಅಣ್ಣಾ, ಊಟಾ ಮಾಡ ಬರ್ರಿ’ ಎಂದು ಕರೆಯುತ್ತಾರೆ. ಬುಟ್ಟಿಯ ಮೇಲಿನ ಬಿಳಿ ಬಟ್ಟೆ ಸರಿಸಿದರೆ ಒಳಗೆ ಅಟ್ಟಿ ಅಟ್ಟಿಯಾಗಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ. ಕಡಕ್ ರೊಟ್ಟಿಯ ಮೇಲೇ ಕೆಂಪು ಚಟ್ನಿ, ಶೇಂಗಾ ಹಿಂಡಿ, ಕಾಳಿನ ಪಲ್ಯ, ಬದನೆಕಾಯಿ ಎಣ್ಣಗಾಯಿ ಇಡುತ್ತಾರೆ. ಆಮೇಲೆ ಪುಟ್ಟ ಮಣ್ಣಿನ ಗಡಿಗೆಯಿಂದ ಮೊಸರು. ಗಡಿಗೆ ಓರೆ ಮಾಡಿದರೂ ಜಾರದಷ್ಟು ಗಟ್ಟಿ. ಮರದ ನೆರಳಲ್ಲಿ ನೆಲದ ಮೇಲೆ ಕುಳಿತು, ಚಟ್ನಿಯ ಖಾರಕ್ಕೆ ಮೊಸರು ಹಚ್ಚಿಕೊಂಡು ತಿನ್ನಬೇಕು. ಮನೆಯಲ್ಲಿ ಬೆಳಗ್ಗೆ ಬಡಿದ ರೊಟ್ಟಿ ಅದು. ದೊಡ್ಡ ಹೋಟೆಲಿನ ಒಂದು ಕಾಫಿಯ ದುಡ್ಡಿಗೆ ಹೊಟ್ಟೆ ತುಂಬುತ್ತದೆ, ಆ ದುಡ್ಡು ನೇರವಾಗಿ ಅಡುಗೆ ಮಾಡಿದವರ ಕೈಗೆ ಹೋಗುತ್ತದೆ. ಚೌಕಾಸಿ ಮಾಡಬೇಡಿ, ದಯವಿಟ್ಟು.

ಪೇಟೆಯಲ್ಲಿ ಖಾನಾವಳಿಗಳಿವೆ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಝುಣಕ, ಗುರೆಳ್ಳು ಚಟ್ನಿ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ. ರೊಟ್ಟಿ ಸಾಕು ಎನ್ನುವವರೆಗೆ ಬಡಿಸುತ್ತಲೇ ಇರುತ್ತಾರೆ. ಸಂಜೆಗೆ ಮಂಡಕ್ಕಿಯ ಗಿರ್ಮಿಟ್, ಮಿರ್ಚಿ ಬಜಿ. ಐಹೊಳೆಗೆ ಹೋದವರು ಇನ್ನೂ ಸ್ವಲ್ಪ ಮುಂದೆ ಅಮೀನಗಡಕ್ಕೆ ಹೋಗಿ ಕರದಂಟು ಕಟ್ಟಿಸಿಕೊಳ್ಳಬೇಕು. ತುಪ್ಪದಲ್ಲಿ ಅರಳಿದ ತಿನ್ನುವ ಅಂಟು, ಕೊಬ್ಬರಿ, ಗೋಡಂಬಿ, ಬಾದಾಮಿ, ಬೆಲ್ಲ. ವಾರಗಟ್ಟಲೆ ಕೆಡುವುದಿಲ್ಲ, ಮನೆಗೆ ತರಲು ಇದಕ್ಕಿಂತ ಒಳ್ಳೆಯ ಸಿಹಿ ಇಲ್ಲ.

ಮೈಸೂರಿನಿಂದ ಬೆಂಗಳೂರಿನ ಮೇಲೆ ಹೋಗುವ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ರಾತ್ರಿ ಪ್ರಯಾಣಕ್ಕೆ ಸರಿಹೊಂದುತ್ತದೆ. ಊಟ ಅಗ್ಗ, ಕೋಣೆಗಳೂ ಎಲ್ಲ ದರದಲ್ಲಿವೆ. ಖರ್ಚು ಬೀಳುವುದು ಪಟ್ಟದಕಲ್ಲು, ಐಹೊಳೆ ಸುತ್ತುವ ಗಾಡಿಗೆ. ನಾಲ್ಕು ಜನ ಹಂಚಿಕೊಂಡರೆ ಅದೂ ಭಾರವಲ್ಲ. ಕಾಲ ಮಾತ್ರ ನೋಡಿಕೊಂಡೇ ಹೋಗಿ: ನವೆಂಬರ್‌ನಿಂದ ಫೆಬ್ರುವರಿ. ಆಮೇಲೆ ಆ ಕೆಂಪು ಬಂಡೆಗಳ ನಡುವೆ ಬಿಸಿಲು ತಡೆಯಲು ಆಗುವುದಿಲ್ಲ. ಜನವರಿ ಸುಮಾರಿಗೆ ಬನಶಂಕರಿ ಜಾತ್ರೆ, ಕಂಪನಿ ನಾಟಕಗಳ ಕಾಲ. ಜೋಳದ ತೆನೆ ಹಾಲು ತುಂಬಿದಾಗ ಸುಟ್ಟು ಉದುರಿಸುವ ಸೀತನಿಯೂ ಚಳಿಯ ಆ ದಿನಗಳದ್ದೇ. ಹೊಲ ಇರುವವರ ಪರಿಚಯ ಇದ್ದರೆ ಕೇಳಿ ನೋಡಿ, ಅಂಗಡಿಯಲ್ಲಿ ಅದು ಸಿಗುವುದಿಲ್ಲ.

ಮಕ್ಕಳಿಗೆ ಚಟ್ನಿಗಳ ಖಾರ ಜಾಸ್ತಿ ಆಗಬಹುದು. ಮೊಸರು, ರೊಟ್ಟಿ, ಬೆಲ್ಲ ಇದ್ದೇ ಇದೆ. ಮಂಡಿ ನೋವಿನವರು ಗುಹೆಯ ಮೆಟ್ಟಿಲು ಬಿಟ್ಟು, ಸಮತಟ್ಟಾದ ಪಟ್ಟದಕಲ್ಲಿಗೆ ಹೋಗಲಿ. ಬರೀ ಅನ್ನದ ಊಟ ಬೇಕು ಎನ್ನುವವರಿಗೆ ಎರಡು ದಿನ ಸ್ವಲ್ಪ ಉದ್ದವಾಗಬಹುದು.

ಹಾಗಾದರೆ ಯಾವುದು?

ಒಂದೇ ದಿನ ಇದ್ದರೆ ಬೇರೆ ಯೋಚನೆ ಬೇಡ, ಮೇಲುಕೋಟೆ. ಈ ವಾರವೇ ಹೊರಡಬೇಕು, ಏನೂ ಏರ್ಪಾಡು ಮಾಡಿಲ್ಲ, ಗುಂಪಿನಲ್ಲಿ ಎಲ್ಲ ಬಗೆಯವರೂ ಇದ್ದಾರೆ ಎಂದರೆ ಕುಂದಾಪುರ-ಉಡುಪಿ, ಜೂನ್-ಜುಲೈ ಬಿಟ್ಟು. ದುಡ್ಡು ಕಡಿಮೆ, ನೋಡುವ ಆಸೆಯೂ ಉಣ್ಣುವ ಆಸೆಯೂ ಜಾಸ್ತಿ, ಚಳಿಗಾಲ ಎಂದರೆ ಬಾದಾಮಿ. ಓದುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಮಾಂಸದೂಟವೇ ಮುಖ್ಯ, ಮೂರು ದಿನ ಇದೆ, ಖರ್ಚಿಗೆ ಹಿಂಜರಿಯುವುದಿಲ್ಲ ಎನ್ನುವವರಿಗೆ ಕೊಡಗು. ಎರಡು ವಾರ ಮೊದಲೇ ಯೋಚಿಸಬಲ್ಲಿರಿ, ಎರಡು ದಿನ ಒಂದೇ ಮನೆಯಲ್ಲಿ ಕೂರಬಲ್ಲಿರಿ ಎಂದರೆ ಶಿರಸಿ. ಫೆಬ್ರುವರಿಯಲ್ಲಿ ಹೋಗುವುದಾದರೆ ನನ್ನ ಆಯ್ಕೆ ಅದೇ.

ಹುಬ್ಬಳ್ಳಿ-ಧಾರವಾಡದವರಿಗೆ ಲೆಕ್ಕ ತಲೆಕೆಳಗು. ಶಿರಸಿ ನೂರು ಕಿಲೋಮೀಟರಿನ ಮಾತು, ಬಾದಾಮಿಯೂ ಸುಮಾರು ಅಷ್ಟೇ. ಬೆಳಗ್ಗೆ ಹೊರಟು ತಿಂಡಿಗೆ ಸೇರಬಹುದು. ಅವರು ಊರು ಆರಿಸುವಾಗ ದೂರ ಬಿಟ್ಟು ತಿಂಗಳನ್ನು ಮಾತ್ರ ನೋಡಿದರೆ ಸಾಕು.

ಯಾವ ಊರನ್ನೇ ಆರಿಸಿಕೊಳ್ಳಿ, ಮನೆಯೂಟ ಹೇಳುವುದಾದರೆ ಬುಧವಾರದ ಒಳಗೆ ಫೋನ್ ಮಾಡಿ. ಎಷ್ಟು ಜನ, ಯಾರಿಗೆ ಏನು ಆಗುವುದಿಲ್ಲ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಸರಿಯಾಗಿ ಹೇಳಿ. ‘ಸ್ಪೆಷಲ್ ಏನು ಮಾಡುತ್ತೀರಿ?’ ಎಂದು ಕೇಳಿದರೆ ಪಾಪ, ನಿಮಗೆ ಹಿಡಿಸಲಿ ಎಂದು ಪನೀರ್ ತರಿಸುತ್ತಾರೆ. ‘ಈಗ ಹಿತ್ತಲಲ್ಲಿ ಏನಿದೆ? ನಿಮ್ಮ ಮನೆಯಲ್ಲಿ ಅವತ್ತು ಏನು ಮಾಡುತ್ತೀರೋ ಅದನ್ನೇ ಬಡಿಸಿ’ ಎನ್ನಿ. ಬರುವುದಾಗಿ ಹೇಳಿ ಹೋಗದೆ ಇರಬೇಡಿ. ನಿಮ್ಮೊಬ್ಬರಿಗಾಗಿಯೇ ಅಲ್ಲಿ ಅಕ್ಕಿ ನೆನೆದಿರುತ್ತದೆ.